ರಾಕ್ ಗಿಟಾರಿನ ಮಾರ್ಗಭೇದಗಳು

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ರೆಪ್ಪೆಯಿಲ್ಲ. ಬೇಡವೆನಿಸಿದ ನೋಟಕ್ಕೆ ನಾವು ಕಣ್ಣು ಮುಚ್ಚಿಕೊಳ್ಳಬಹುದು. ಬೇಡವೆನಿಸಿದ ನಾದವು ಮಾತ್ರ ನಮ್ಮ ಅಪ್ಪಣೆಯನ್ನು ಕೇಳದೆಯೇ ಒಳಗೆ ಬರುತ್ತದೆ. ಆದರೂ ಮನುಷ್ಯನು ಕಿವಿಯನ್ನು ಮುಚ್ಚಿಕೊಳ್ಳುವ ಉಪಾಯವೊಂದನ್ನು ಕಂಡುಕೊಂಡಿದ್ದಾನೆ. ಕೇಳುವ ಮೊದಲೇ ತೀರ್ಪು ಕೊಟ್ಟುಬಿಡುವುದೇ ಆ ಉಪಾಯ. “ಇದು ಬರಿಯ ಗದ್ದಲ,” “ಅದು ಹಳೆಯ ಕಾಲದ್ದು,” “ಆತನ ಬೆರಳಿಗೆ ವೇಗವಿಲ್ಲ,” “ಈತನಿಗೆ ವೇಗವನ್ನು ಬಿಟ್ಟರೆ ಬೇರೇನೂ ಇಲ್ಲ” ಎಂದು ಒಂದು ಮಾತು ಆಡಿದೆವೆಂದರೆ, ನಾದವು ಹೊರಬಾಗಿಲಲ್ಲೇ ನಿಂತುಹೋಗುತ್ತದೆ.

ವಿದ್ಯಾರ್ಥಿಗಳೇ, ನಮ್ಮ ಮೇಲಿನ ತರಗತಿಗಳಲ್ಲಿ ರಾಕ್ ಸಂಗೀತವನ್ನು ಆಸೆಪಟ್ಟು ಕೇಳುವವರು ಅನೇಕರಿದ್ದೀರಿ. ಮಧ್ಯಾಹ್ನದ ಬಿಡುವಿನಲ್ಲಿ “ಗಿಟಾರ್ ವಾದಕರಲ್ಲಿ ಯಾರು ಎಲ್ಲರಿಗಿಂತ ದೊಡ್ಡವರು?” ಎಂಬ ವಾದವು ಎದ್ದಿತೆಂದರೆ ಗಂಟೆ ಬಾರಿಸಿದರೂ ಮುಗಿಯುವುದಿಲ್ಲ. ಒಬ್ಬನು ಹೆಂಡ್ರಿಕ್ಸ್ ಎನ್ನುತ್ತಾನೆ, ಇನ್ನೊಬ್ಬಳು ಗಿಲ್‌ಮೋರ್ ಎನ್ನುತ್ತಾಳೆ, ಮೂರನೆಯವನು ವ್ಯಾನ್ ಹೇಲನ್ ಎಂದು ಮೇಜು ಗುದ್ದುತ್ತಾನೆ. ಈ ಪಾಠದ ಉದ್ದೇಶ ಆ ವಾದಕ್ಕೆ ತೀರ್ಪು ಕೊಡುವುದಲ್ಲ. ಒಬ್ಬೊಬ್ಬ ವಾದಕನನ್ನು ಕೇಳುವ ಬಗೆ ಹೇಗೆ ಎಂಬುದನ್ನು ವಿಚಾರಿಸುವುದಷ್ಟೇ.

ಇಂಥ ವಿಷಯವನ್ನು ಕನ್ನಡದ ಅಧ್ಯಾಪಕನೇಕೆ ಎತ್ತಿಕೊಳ್ಳಬೇಕು ಎಂದು ನೀವು ಕೇಳಬಹುದು. ಶೈಲಿಯ ವಿಚಾರವು ಕನ್ನಡಕ್ಕೆ ಹೊಸದಲ್ಲ. ೯ನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವ್ಯವನ್ನು ವಿಚಾರಿಸುವಾಗ ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂದು ಎರಡು ಹಾದಿಗಳನ್ನು ಹೇಳಿ, ಅವುಗಳ ಗುಣಗಳನ್ನು ಬೇರೆ ಬೇರೆಯಾಗಿ ತೋರಿಸಿದೆ. ‘ಮಾರ್ಗ’ವೆಂಬ ಆ ಹಳೆಯ ಮಾತನ್ನೇ ನಾನು ಇಲ್ಲಿ ಎರವಲು ತೆಗೆದುಕೊಂಡಿದ್ದೇನೆ. ಊರಿಗೆ ಹೋಗುವ ಹಾದಿಗಳು ಹಲವಿದ್ದಾಗ, ಯಾವ ಹಾದಿ ದೊಡ್ಡದು ಎಂದು ಕೇಳುವುದಕ್ಕಿಂತ ಈ ಹಾದಿ ಯಾವ ಊರಿಗೆ ಹೋಗುತ್ತದೆ ಎಂದು ಕೇಳುವುದೇ ಜಾಣತನ.

ವಾದ್ಯದ ಪರಿಚಯ

ಗಿಟಾರಿಗೆ ಸಾಮಾನ್ಯವಾಗಿ ಆರು ತಂತಿಗಳು. ಅದರ ಕೊರಳಿನ ಮೇಲೆ, ವೀಣೆಯಲ್ಲಿರುವಂತೆ, ಲೋಹದ ಮೆಟ್ಟುಗಳನ್ನು ಅಡ್ಡಲಾಗಿ ಕೂರಿಸಿರುತ್ತಾರೆ. ಒಂದು ಕೈಯ ಬೆರಳು ತಂತಿಯನ್ನು ಮೆಟ್ಟಿನ ಹಿಂದೆ ಒತ್ತಿದಾಗ ತಂತಿಯ ಮಿಡಿಯುವ ಭಾಗವು ಚಿಕ್ಕದಾಗಿ ಸ್ವರವು ಏರುತ್ತದೆ. ಇನ್ನೊಂದು ಕೈ ತಂತಿಯನ್ನು ಮೀಟುತ್ತದೆ. ಒತ್ತಿದ ತಂತಿಯನ್ನು ಅಡ್ಡಕ್ಕೆ ಎಳೆದರೆ ಸ್ವರವು ಮೇಲಕ್ಕೆ ಜಾರುತ್ತದೆ. ವೀಣೆಯನ್ನೋ ಸಿತಾರನ್ನೋ ಕೇಳಿ ಬಲ್ಲವರಿಗೆ ಈ ಜಾರುವಿಕೆಯ ಸೊಗಸನ್ನು ವಿವರಿಸಬೇಕಾಗಿಲ್ಲ.

ವಿದ್ಯುತ್ ಗಿಟಾರಿನಲ್ಲಿ ತಂತಿಗಳ ಕೆಳಗೆ ‘ಪಿಕಪ್’ ಎಂಬ ಭಾಗವಿರುತ್ತದೆ. ಅದು ಒಂದು ಆಯಸ್ಕಾಂತ. ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿಯು ಕಂಪಿಸಿದಾಗ ಆಯಸ್ಕಾಂತದ ಕ್ಷೇತ್ರವು ಅಲುಗಿ, ತಾಮ್ರದ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಫ್ಯಾರಡೆಯ ಹೆಸರಿನೊಡನೆ ನೀವು ಓದುವ ನಿಯಮವೇ ಇದು. ಆ ಅಲ್ಪ ವಿದ್ಯುತ್ತನ್ನು ಆಂಪ್ಲಿಫೈಯರು ಹೆಚ್ಚಿಸಿ ಸ್ಪೀಕರಿಗೆ ಕಳಿಸುತ್ತದೆ. ಒಂದೇ ಸುರುಳಿಯ ಪಿಕಪ್ಪಿನ ನಾದವು ತೆಳುವಾಗಿ, ಚೂಪಾಗಿ, ನಿಚ್ಚಳವಾಗಿರುತ್ತದೆ. ೧೯೫೪ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರಿನದು ಇಂಥದು. ಜೋಡಿ ಸುರುಳಿಯದರ ನಾದವು ದಪ್ಪವಾಗಿ ತುಂಬಿಕೊಂಡಿರುತ್ತದೆ. ೧೯೫೭ರಿಂದ ಗಿಬ್ಸನ್ ಲೆಸ್ ಪಾಲ್ ಗಿಟಾರುಗಳಿಗೆ ಅಂಥ ಪಿಕಪ್ಪುಗಳು ಬಂದವು.

ಇನ್ನೊಂದು ಸಂಗತಿಯನ್ನು ಇಲ್ಲಿ ನೆನಪಿಡಬೇಕು. ಆಂಪ್ಲಿಫೈಯರಿಗೆ ಅದರ ಶಕ್ತಿಯನ್ನು ಮೀರಿದ ಕೆಲಸವನ್ನು ಕೊಟ್ಟರೆ ನಾದದ ಅಲೆಗಳ ತುದಿಗಳು ಕತ್ತರಿಸಿದಂತಾಗಿ, ಮೂಲದಲ್ಲಿಲ್ಲದ ಮೇಲಿನ ಸ್ವರಾಂಶಗಳು ಹುಟ್ಟಿಕೊಳ್ಳುತ್ತವೆ. ನಾದವು ಒರಟಾಗುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಯಂತ್ರವನ್ನು ಮಾಡಿದವರ ಕಣ್ಣಿಗೆ ಇದೊಂದು ದೋಷ. ನುಡಿಸುವವರು ಆ ದೋಷವನ್ನೇ ಗುಣವನ್ನಾಗಿ ಮಾಡಿಕೊಂಡರು. ನಮ್ಮ ಹಿರಿಯರು ‘ಗದ್ದಲ’ವೆಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ಆದರೆ ಅದು ಬೇಕೆಂದೇ ಆರಿಸಿಕೊಂಡ ಬಣ್ಣ ಎಂದು ತಿಳಿದ ಮೇಲೆ ಕೇಳುವ ರೀತಿಯೇ ಬೇರೆಯಾಗುತ್ತದೆ.

ಮಾತನಾಡುವ ಗಿಟಾರ್

ರಾಕ್ ಸಂಗೀತದ ಬೇರು ಅಮೆರಿಕದ ದಕ್ಷಿಣ ಪ್ರಾಂತಗಳ ಕರಿಯ ಜನರ ‘ಬ್ಲೂಸ್’ ಹಾಡುಗಳಲ್ಲಿ ಮತ್ತು ಅವರ ದೇವಾಲಯಗಳ ಭಜನೆಗಳಲ್ಲಿದೆ. ಈ ಎರಡನೆಯ ಬೇರನ್ನು ಮರೆಯಬಾರದೆಂದು ಮೊದಲು ಒಬ್ಬ ಹೆಣ್ಣುಮಗಳ ಹೆಸರನ್ನು ಹೇಳುತ್ತೇನೆ. ೧೯೧೫ರಲ್ಲಿ ಆರ್ಕನ್ಸಾದಲ್ಲಿ ಹುಟ್ಟಿದ ಸಿಸ್ಟರ್ ರೊಸೆಟಾ ಥಾರ್ಪ್, ರಾಕ್ ಎಂಬ ಹೆಸರು ರೂಢಿಗೆ ಬರುವ ಮುನ್ನವೇ ದೇವರ ಹಾಡುಗಳಿಗೆ ವಿದ್ಯುತ್ ಗಿಟಾರನ್ನು ಹಿಡಿದವಳು. ೧೯೬೪ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಪಾಳುಬಿದ್ದ ರೈಲು ನಿಲ್ದಾಣವೊಂದರ ಒಂದು ಕಟ್ಟೆಯ ಮೇಲೆ ನಿಂತು ಆಕೆ ನುಡಿಸಿದಳು. ಎದುರಿನ ಕಟ್ಟೆಯ ಮೇಲೆ ಕುಳಿತ ಶ್ರೋತೃಗಳು ಕೇಳಿದರು. ಗಿಟಾರು ಗಂಡಸರ ವಾದ್ಯವೆಂದು ತೀರ್ಪು ಕೊಡುವವರು ಆ ದೃಶ್ಯವನ್ನು ಒಮ್ಮೆ ನೋಡಬೇಕು.

ಚಕ್ ಬೆರಿ (೧೯೨೬–೨೦೧೭) ಸೇಂಟ್ ಲೂಯಿಸಿನವನು. ಎರಡು ತಂತಿಗಳನ್ನು ಒಟ್ಟಿಗೆ ಮೀಟುವುದು ಆತನ ಗುರುತು. ೧೯೫೮ರ ‘ಜಾನಿ ಬಿ. ಗುಡ್’ ಹಾಡಿನ ಮೊದಲ ಕೆಲವು ಕ್ಷಣಗಳನ್ನು ಕೇಳಿದರೆ ಸಾಕು, ಗಿಟಾರು ಊರಿಗೆಲ್ಲ ಸುದ್ದಿ ಸಾರುವವನಂತೆ ಕೂಗಿ ಕರೆಯುತ್ತದೆ. ಹಾಡಿನ ಒಂದು ಸಾಲು ಮುಗಿದೊಡನೆ ಗಿಟಾರು ಉತ್ತರ ಕೊಡುತ್ತದೆ. ಮತ್ತೆ ಸಾಲು, ಮತ್ತೆ ಉತ್ತರ. ಇಂದಿನ ವಾದಕರ ಕೈಚಳಕದ ಮುಂದೆ ಇದು ಸುಲಭವೆಂದು ತೋರಬಹುದು. ಆದರೆ ಮುಂದಿನವರೆಲ್ಲ ಆಡಿದ ಭಾಷೆಗೆ ಅಕ್ಷರಮಾಲೆಯನ್ನು ಕೊಟ್ಟವರಲ್ಲಿ ಆತನೊಬ್ಬನು. ೧೯೭೭ರಲ್ಲಿ ವಾಯೇಜರ್ ವ್ಯೋಮನೌಕೆಗಳೊಡನೆ ಕಳಿಸಿದ ಧ್ವನಿಮುದ್ರಿಕೆಯಲ್ಲಿ ಬಾಕ್ ಮತ್ತು ಬೀಥೋವನರ ಕೃತಿಗಳ ಜೊತೆಗೆ ಈ ಹಾಡೂ ಇದೆ. ಅದೇ ಮುದ್ರಿಕೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರರ ಗಾಯನವೂ ಇದೆ.

ಒಂದೇ ಸ್ವರದ ಆಳ

ಬಿ. ಬಿ. ಕಿಂಗ್ (೧೯೨೫–೨೦೧೫) ಬ್ಲೂಸ್ ವಾದಕನಾದರೂ ರಾಕ್ ವಾದಕರಿಗೆಲ್ಲ ಗುರುಸ್ಥಾನದಲ್ಲಿದ್ದವನು. ಹಾಡುವಾಗ ಆತನ ಗಿಟಾರು ಸುಮ್ಮನಿರುತ್ತಿತ್ತು. ಕಂಠವು ನಿಂತಾಗ ಗಿಟಾರು ಹಾಡನ್ನು ಎತ್ತಿಕೊಳ್ಳುತ್ತಿತ್ತು. ಆತನ ಬಂಧುವಾದ ಬುಕಾ ವೈಟ್ ತಂತಿಯ ಮೇಲೆ ಕೊಳವೆಯೊಂದನ್ನು ಜಾರಿಸಿ ನುಡಿಸುತ್ತಿದ್ದನು. ಆ ನಾದವನ್ನು ಬರಿಯ ಬೆರಳಿನಿಂದ ತರಬೇಕೆಂದು ಹೊರಟ ಕಿಂಗ್‌ಗೆ ಒಂದು ವಿಶಿಷ್ಟ ಕಂಪನವು ಕೈಹಿಡಿಯಿತು. ಬೆರಳಿನಲ್ಲಿ ತಂತಿಯನ್ನು ಒತ್ತಿ, ಮಣಿಕಟ್ಟನ್ನು ನಡುಗಿಸಿ, ಒಂದೇ ಸ್ವರಕ್ಕೆ ಉಸಿರು ಕೊಡುತ್ತಿದ್ದನು. ನೂರು ವಾದಕರ ನಡುವೆ ಆತನ ಒಂದು ಸ್ವರವನ್ನು ಗುರುತಿಸಬಹುದು ಎನ್ನುವುದುಂಟು.

ಆತನ ಗಿಟಾರಿನ ಹೆಸರಿನ ಕಥೆಯೂ ಸ್ವಾರಸ್ಯವಾದುದು. ೧೯೪೯ರ ಚಳಿಗಾಲದಲ್ಲಿ ಆರ್ಕನ್ಸಾದ ಟ್ವಿಸ್ಟ್ ಎಂಬಲ್ಲಿ ಆತನು ನುಡಿಸುತ್ತಿದ್ದಾಗ ಇಬ್ಬರು ಹೊಡೆದಾಡಿ, ಚಳಿಗೆಂದು ಹೊತ್ತಿಸಿಟ್ಟಿದ್ದ ಸೀಮೆಎಣ್ಣೆಯನ್ನು ಉರುಳಿಸಿದರು. ಮನೆಗೆ ಬೆಂಕಿ ಹತ್ತಿತು. ಹೊರಗೆ ಓಡಿಬಂದ ಕಿಂಗ್, ಗಿಟಾರು ಒಳಗೇ ಉಳಿಯಿತೆಂದು ಮತ್ತೆ ಉರಿಯೊಳಗೆ ನುಗ್ಗಿ ಅದನ್ನು ತಂದನು. ಜಗಳವು ಲೂಸಿಲ್ ಎಂಬ ಹೆಂಗಸಿನ ಕಾರಣದಿಂದ ಎಂದು ಆಮೇಲೆ ತಿಳಿಯಿತು. ಅಂಥ ಹುಚ್ಚು ಸಾಹಸವನ್ನು ಇನ್ನೊಮ್ಮೆ ಮಾಡಬಾರದೆಂಬ ನೆನಪಿಗಾಗಿ ಗಿಟಾರಿಗೆ ‘ಲೂಸಿಲ್’ ಎಂದೇ ಹೆಸರಿಟ್ಟನು. ಮುಂದೆ ಹಿಡಿದ ಗಿಟಾರುಗಳಿಗೂ ಅದೇ ಹೆಸರು ಉಳಿಯಿತು.

ಇದೇ ಮಾರ್ಗವನ್ನು ಬೇರೊಂದು ದಿಕ್ಕಿಗೆ ಕೊಂಡೊಯ್ದವನು ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್‌ಮೋರ್. ೧೯೭೫ರ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಕೃತಿಯಲ್ಲಿ ನಾಲ್ಕೇ ಸ್ವರಗಳ ಒಂದು ನುಡಿ ಬರುತ್ತದೆ. ನಾಲ್ಕನ್ನು ನುಡಿಸಿ ಆತನು ಕಾಯುತ್ತಾನೆ. ನಾದವು ಕರಗುವವರೆಗೆ ಅವಸರಪಡುವುದಿಲ್ಲ. ೧೯೭೯ರ ‘ಕಂಫರ್ಟಬ್ಲಿ ನಂಬ್’ ಹಾಡಿನ ಕೊನೆಯ ವಾದನದಲ್ಲಿ ಸ್ವರಗಳನ್ನು ಎಳೆಯುವ ರೀತಿಯನ್ನು ಗಮನಿಸಿರಿ. ವೇಗವನ್ನೇ ಹುಡುಕುವ ಕಿವಿಗೆ ಇಲ್ಲಿ ಏನೂ ಸಿಕ್ಕುವುದಿಲ್ಲ. ಎರಡು ಸ್ವರಗಳ ನಡುವಣ ಮೌನವನ್ನೂ ಕೇಳಬಲ್ಲ ಕಿವಿಗೆ ಬಹಳ ಸಿಕ್ಕುತ್ತದೆ.

ಶಬ್ದವೇ ಸಾಮಗ್ರಿ

ಜಿಮಿ ಹೆಂಡ್ರಿಕ್ಸ್ ೧೯೪೨ರಲ್ಲಿ ಸಿಯಾಟಲಿನಲ್ಲಿ ಹುಟ್ಟಿ, ೧೯೭೦ರಲ್ಲಿ ೨೭ನೆಯ ವಯಸ್ಸಿಗೇ ತೀರಿಕೊಂಡನು. ಎಡಗೈಯವನಾದ ಆತನು ಬಲಗೈಯವರಿಗಾಗಿ ಮಾಡಿದ ಸ್ಟ್ರಾಟೊಕಾಸ್ಟರನ್ನು ತಿರುಗಿಸಿ ಹಿಡಿದು, ತಂತಿಗಳನ್ನು ಮರುಜೋಡಿಸಿಕೊಂಡು ನುಡಿಸಿದನು. ಗಿಟಾರನ್ನು ಸ್ಪೀಕರಿನ ಹತ್ತಿರ ಹಿಡಿದರೆ, ಹೊರಬಂದ ನಾದವು ತಂತಿಯನ್ನು ಮತ್ತೆ ಕಂಪಿಸಿ ಊಳಿಡುವ ಶಬ್ದವೊಂದು ಹುಟ್ಟುತ್ತದೆ. ಸಭೆಯಲ್ಲಿ ಮೈಕಿನಿಂದ ಅಂಥ ಶಬ್ದ ಬಂದರೆ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. ಹೆಂಡ್ರಿಕ್ಸನು ಅದನ್ನೇ ಪಳಗಿಸಿದನು.

೧೯೬೯ರ ಆಗಸ್ಟ್ ೧೮ರ ಬೆಳಿಗ್ಗೆ, ವುಡ್‌ಸ್ಟಾಕ್ ಉತ್ಸವದಲ್ಲಿ ಆತನು ತನ್ನ ದೇಶದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ನುಡಿಸಿದನು. ವಿಯೆಟ್ನಾಮಿನ ಯುದ್ಧವು ನಡೆಯುತ್ತಿದ್ದ ಕಾಲ. ಗೀತೆಯ ಸ್ವರಗಳ ನಡುವೆ ಬಾಂಬಿನ ಸಿಡಿತದಂತೆ, ವಿಮಾನದ ಮೊರೆತದಂತೆ, ಚೀರಾಟದಂತೆ ಕೇಳುವ ಶಬ್ದಗಳನ್ನು ತಂದನು. ಸೈನಿಕರ ಅಂತ್ಯಕ್ರಿಯೆಯಲ್ಲಿ ಊದುವ ಕಹಳೆಯ ಧಾಟಿಯನ್ನೂ ಒಂದೆಡೆ ಸೇರಿಸಿದನು. ಸ್ವತಃ ಸೈನ್ಯದಲ್ಲಿದ್ದು ಬಂದವನ ವಾದನ ಅದು. ಗೀತೆಯನ್ನು ಕೆಡಿಸಿದನೆಂದು ಕೆಲವರು ಮುನಿದರು; ಒಂದು ಮಾತನ್ನೂ ಆಡದೆ ಒಂದು ಕಾಲದ ಸಂಕಟವನ್ನೆಲ್ಲ ಹೇಳಿದನೆಂದು ಕೆಲವರು ಕೊಂಡಾಡಿದರು. ಆತನು ಗದ್ದಲವನ್ನಷ್ಟೇ ಬಲ್ಲವನೆಂದು ಎಣಿಸುವವರು ೧೯೬೭ರ ‘ಲಿಟಲ್ ವಿಂಗ್’ ಕೇಳಬೇಕು. ಗಾಳಿಗೆ ತೂಗುವ ಬಳ್ಳಿಯಂತೆ ಮೃದುವಾದ ವಾದನವದು.

ಯು-೨ ತಂಡದಲ್ಲಿ ‘ದಿ ಎಡ್ಜ್’ ಎಂಬ ಹೆಸರಿನಿಂದ ನುಡಿಸುವ ಡೇವಿಡ್ ಎವನ್ಸನೂ ಶಬ್ದವನ್ನೇ ಸಾಮಗ್ರಿಯಾಗಿ ಹಿಡಿದವನು. ದಾರಿ ಮಾತ್ರ ಬೇರೆ. ಮೀಟಿದ ಸ್ವರವನ್ನು ಸ್ವಲ್ಪ ತಡೆದು ಮರುನುಡಿಯುವ ಯಂತ್ರವನ್ನು ತಾಳಕ್ಕೆ ಹೊಂದಿಸಿ, ಪ್ರತಿಧ್ವನಿಯನ್ನೇ ಜೊತೆಗಾರನನ್ನಾಗಿ ಮಾಡಿಕೊಂಡನು. ೧೯೮೭ರ ‘ವೇರ್ ದಿ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’ ಹಾಡಿನ ಆರಂಭದಲ್ಲಿ ಆತನು ಮೀಟುವ ಸ್ವರಗಳು ನಾವು ಕೇಳುವ ಸ್ವರಗಳಿಗಿಂತ ಕಡಿಮೆ. ಬೆಟ್ಟಗಳ ನಡುವೆ ಕೂಗುವವನು ಪ್ರತಿಧ್ವನಿಗೆ ಎಡೆಬಿಟ್ಟು ಕೂಗುವಂತೆ ಆತನ ವಾದನ.

ಕೊರತೆಯಿಂದ ಹುಟ್ಟಿದ ಶೈಲಿ

ಟೋನಿ ಐಯೋಮಿ ೧೯೪೮ರಲ್ಲಿ ಇಂಗ್ಲೆಂಡಿನ ಬರ್ಮಿಂಗಹ್ಯಾಮಿನಲ್ಲಿ ಹುಟ್ಟಿದವನು. ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದನು. ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುವಿನ ಎರಡು ಬೆರಳುಗಳ ತುದಿಗಳು ಹೋದವು. ಎಡಗೈ ವಾದಕನಾದ ಆತನಿಗೆ ತಂತಿಗಳನ್ನು ಒತ್ತುವ ಕೈಯೇ ಅದು. ಮನಸ್ಸು ಕುಗ್ಗಿ ಕುಳಿತಿದ್ದ ಹುಡುಗನಿಗೆ ಕಾರ್ಖಾನೆಯ ಮೇಲ್ವಿಚಾರಕನು ಜಾಂಗೊ ರೈನ್‌ಹಾರ್ಟನ ಧ್ವನಿಮುದ್ರಿಕೆಯನ್ನು ಕೇಳಿಸಿದನು. ೧೯೨೮ರಲ್ಲಿ ಬೆಂಕಿಯ ಅಪಘಾತದಿಂದ ಎಡಗೈಯ ಎರಡು ಬೆರಳುಗಳು ಸ್ವಾಧೀನ ತಪ್ಪಿದ್ದರೂ, ಉಳಿದೆರಡರಿಂದ ಯೂರೋಪಿನ ಜಾಜ್ ಸಂಗೀತದಲ್ಲಿ ಹೆಸರಾದವನು ಆ ಜಾಂಗೊ.

ಐಯೋಮಿ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡು, ಮೇಲೆ ಚರ್ಮವನ್ನು ಅಂಟಿಸಿದನು. ಒತ್ತಿದರೆ ನೋಯದಂತೆ ತೆಳುವಾದ ತಂತಿಗಳನ್ನು ಹಾಕಿದನು. ಮುಂದೆ, ೧೯೭೧ರ ಹೊತ್ತಿಗೆ, ಶ್ರುತಿಯನ್ನೇ ಇಳಿಸಿ ತಂತಿಗಳನ್ನು ಸಡಿಲಿಸಿದನು. ಶ್ರುತಿ ಇಳಿದಂತೆ ನಾದವು ಗಡುಸಾಯಿತು, ಭಾರವಾಯಿತು. ೧೯೭೦ರಲ್ಲಿ ಮೊದಲ ಮುದ್ರಿಕೆಯನ್ನು ತಂದ ಬ್ಲ್ಯಾಕ್ ಸಬತ್ ತಂಡದಿಂದ ‘ಹೆವಿ ಮೆಟಲ್’ ಎಂಬ ಮಾರ್ಗವು ಬೆಳೆದುದು ಹೀಗೆ. ಐಯೋಮಿಯ ವಾದನವು ನಿಮಗೆ ಹಿಡಿಸದಿರಬಹುದು. ಆದರೆ ಆ ಭಾರವಾದ ನಾದದ ಹಿಂದೆ ಸೋಲನ್ನೊಪ್ಪದ ಹುಡುಗನೊಬ್ಬನ ಕೈಯಿದೆ ಎಂಬುದನ್ನು ತಿಳಿದು ಕೇಳಿರಿ.

ಕ್ವೀನ್ ತಂಡದ ಬ್ರಯನ್ ಮೇಗೆ ಇದ್ದ ಕೊರತೆ ಹಣದ್ದು. ಒಳ್ಳೆಯ ಗಿಟಾರನ್ನು ಕೊಳ್ಳಲಾರದ ಆತನು ೧೯೬೩ರಲ್ಲಿ ತಂದೆಯೊಡನೆ ಕುಳಿತು ಗಿಟಾರನ್ನು ಮಾಡಲು ತೊಡಗಿದನು. ಕೊರಳಿಗೆ ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರ, ಸ್ಪ್ರಿಂಗುಗಳು ಹಳೆಯ ಮೋಟಾರು ಸೈಕಲ್ಲಿನವು, ಅಲಂಕಾರದ ಚುಕ್ಕೆಗಳು ಅಮ್ಮನ ಹೊಲಿಗೆಪೆಟ್ಟಿಗೆಯ ಗುಂಡಿಗಳು. ತಂತಿಯನ್ನು ಮೀಟಲು ಆರು ಪೆನ್ಸಿನ ನಾಣ್ಯ. ಆ ಗಿಟಾರಿನ ಹಲವು ಧ್ವನಿಗಳನ್ನು ಒಂದರ ಮೇಲೊಂದು ಮುದ್ರಿಸಿ, ಮೇಳವೊಂದು ಹಾಡಿದಂತೆ ಕೇಳಿಸುವುದು ಆತನ ಮಾರ್ಗ. ಅರ್ಧಕ್ಕೆ ಬಿಟ್ಟಿದ್ದ ಖಗೋಳಶಾಸ್ತ್ರದ ಸಂಶೋಧನೆಯನ್ನು ಮತ್ತೆ ಹಿಡಿದು ೨೦೦೭ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಡಾಕ್ಟರೇಟನ್ನೂ ಪಡೆದನು.

ವೇಗ ಮತ್ತು ಸರಳತೆ

ಬಿಡುವಿನ ವೇಳೆಯ ವಾದಗಳಲ್ಲಿ ಹೆಚ್ಚು ಬಿಸಿಯೇರುವುದು ಈ ಪ್ರಶ್ನೆಯಲ್ಲೇ. ಎಡಿ ವ್ಯಾನ್ ಹೇಲನ್ (೧೯೫೫–೨೦೨೦) ೧೯೭೮ರಲ್ಲಿ ‘ಇರಪ್ಷನ್’ ಎಂಬ ವಾದನವನ್ನು ಹೊರತಂದನು. ಅದು ಎರಡು ನಿಮಿಷವೂ ಇಲ್ಲ. ಮೀಟುವ ಕೈಯ ಬೆರಳನ್ನೂ ಮೆಟ್ಟುಗಳ ಮೇಲೆ ತಟ್ಟಿ, ಎರಡು ಕೈಗಳಿಂದಲೂ ಸ್ವರಗಳನ್ನು ಹುಟ್ಟಿಸುವ ಕ್ರಮವನ್ನು ಆತನು ಜನಪ್ರಿಯಗೊಳಿಸಿದನು. ಬಾಲ್ಯದಲ್ಲಿ ಪಿಯಾನೊ ಕಲಿತ ಕೈ ಅದು ಎಂದು ತಿಳಿದರೆ, ಎರಡು ಕೈಗಳ ಆ ಓಟವು ಅಷ್ಟು ವಿಚಿತ್ರವೆನಿಸದು. ಸ್ವೀಡನ್ನಿನ ಯಿಂಗ್ವೆ ಮಾಲ್ಮ್‌ಸ್ಟೀನನು ೧೯ನೆಯ ಶತಮಾನದ ಪಿಟೀಲು ವಾದಕ ಪಗನೀನಿಯ ಆದರ್ಶವನ್ನು ಹಿಡಿದು, ೧೯೮೪ರಲ್ಲಿ ‘ರೈಸಿಂಗ್ ಫೋರ್ಸ್’ ಮುದ್ರಿಕೆಯಲ್ಲಿ ಇನ್ನೂ ಹೆಚ್ಚಿನ ವೇಗವನ್ನು ತೋರಿಸಿದನು.

ಇದರ ಎದುರು ದಿಕ್ಕಿನಲ್ಲಿ ರಮೋನ್ಸ್ ತಂಡದ ಜಾನಿ ರಮೋನ್ ಇದ್ದಾನೆ. ೧೯೭೬ರ ಅವರ ಮೊದಲ ಮುದ್ರಿಕೆಯಲ್ಲಿ ೧೪ ಹಾಡುಗಳು. ಎಲ್ಲವೂ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಆತನ ಕೈ ಸದಾ ಮೇಲಿನಿಂದ ಕೆಳಕ್ಕೇ ಹೊಡೆಯುತ್ತದೆ. ಆಲಂಕಾರಿಕ ವಾದನ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕೈಯಲ್ಲಿ ಅಗ್ಗದ ಗಿಟಾರಿದ್ದು ಪಾಠಕ್ಕೆ ಹಣವಿಲ್ಲದ ಹುಡುಗರಿಗೆ ‘ನಾವೂ ನುಡಿಸಬಹುದು’ ಎಂಬ ಧೈರ್ಯವನ್ನು ಕೊಟ್ಟುದು ಈ ಮಾರ್ಗ. ೧೯೯೧ರ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಹಾಡಿನಲ್ಲಿ ಕರ್ಟ್ ಕೊಬೇನನು, ಇತರರು ಕೈಚಳಕವನ್ನು ಮೆರೆಸುವ ಎಡೆಯಲ್ಲಿ, ತಾನು ಹಾಡಿದ ಧಾಟಿಯನ್ನೇ ಗಿಟಾರಿನಲ್ಲಿ ಮತ್ತೆ ನುಡಿಸಿದನು. ಹಾಡಿನ ಭಾವ ಬೇಡುತ್ತಿದ್ದುದು ಅಷ್ಟನ್ನೇ.

ಮಾಲ್ಮ್‌ಸ್ಟೀನನಲ್ಲಿ ಸರಳತೆಯಿಲ್ಲವೆಂದೂ ರಮೋನನಲ್ಲಿ ಪಾಂಡಿತ್ಯವಿಲ್ಲವೆಂದೂ ದೂರುವುದು ಹುಣಿಸೆಯಲ್ಲಿ ಸಿಹಿಯಿಲ್ಲವೆಂದು, ಬೆಲ್ಲದಲ್ಲಿ ಹುಳಿಯಿಲ್ಲವೆಂದು ದೂರಿದಂತೆ. ಸಾರು ಮಾಡುವ ತಾಯಿಗೆ ಎರಡೂ ಬೇಕು. ಯಾವುದು ಎಲ್ಲಿಗೆ ಎಷ್ಟು ಬೇಕೆಂಬುದನ್ನು ಆಕೆ ಬಲ್ಲಳು.

ಲಯದ ಊಳಿಗ

ಮುಂದೆ ನಿಂತು ಮೆರೆಯುವವರನ್ನು ಎಲ್ಲರೂ ಕೇಳುತ್ತಾರೆ. ಹಿಂದೆ ನಿಂತು ಹಾಡನ್ನು ಹೊತ್ತವರನ್ನು ಕೇಳಲು ಕಿವಿಗೆ ಶಿಕ್ಷಣ ಬೇಕು. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಹಲವು ಹಾಡುಗಳಿಗೆ ಗಿಟಾರಿನ ಅತ್ಯಂತ ದಪ್ಪವಾದ ತಂತಿಯನ್ನೇ ತೆಗೆದುಹಾಕಿ, ಉಳಿದ ಐದನ್ನು ಬೇರೆ ಶ್ರುತಿಗೆ ಸೇರಿಸಿ ನುಡಿಸಿದನು. ಒಂದು ತಂತಿಯನ್ನು ಕಳೆದು ಒಂದು ಶೈಲಿಯನ್ನು ಪಡೆದವನೆನ್ನಬಹುದು. ಎ.ಸಿ./ಡಿ.ಸಿ. ತಂಡದಲ್ಲಿ ಶಾಲೆಯ ಸಮವಸ್ತ್ರವನ್ನು ತೊಟ್ಟು ವೇದಿಕೆಯ ತುಂಬ ಕುಣಿಯುವ ಆಂಗಸ್ ಯಂಗನನ್ನು ನೀವೆಲ್ಲ ನೋಡಿದ್ದೀರಿ. ಆತನ ಅಣ್ಣ ಮಾಲ್ಕಂ ಯಂಗ್ (೧೯೫೩–೨೦೧೭) ಹಿಂದೆ ನಿಂತು ಲಯವನ್ನು ಹಿಡಿದಿರುತ್ತಿದ್ದನು. ಅಣ್ಣನು ನೆಲವನ್ನು ಗಟ್ಟಿಯಾಗಿ ಹಿಡಿದುದರಿಂದಲೇ ತಮ್ಮನು ಕುಣಿಯಬಹುದಾಯಿತು.

ಬೆಲೆ ಕಟ್ಟುವ ಬಗೆ

ಹಾಗಾದರೆ ಎಲ್ಲರೂ ಸಮಾನರೇ? ಒಳ್ಳೆಯದು, ಕೆಟ್ಟದ್ದು ಎಂಬುದೇ ಇಲ್ಲವೇ? ಇದೆ. ತೆರೆದ ಮನಸ್ಸೆಂದರೆ ಬಾಗಿಲೇ ಇಲ್ಲದ ಮನೆಯಲ್ಲ. ಬಂದವರನ್ನು ಮೊದಲು ಕೂರಿಸಿ, ನೀರು ಕೊಟ್ಟು, ಬಂದ ಕಾರಣವನ್ನು ಕೇಳುವ ಮನೆ ಅದು. ಒಬ್ಬ ವಾದಕನನ್ನು ಕೇಳುವಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿರಿ. ಈತನು ಏನನ್ನು ಮಾಡಹೊರಟಿದ್ದಾನೆ? ಅದಕ್ಕೆ ತಕ್ಕ ಸಾಧನವನ್ನು ಆರಿಸಿಕೊಂಡಿದ್ದಾನೆಯೇ? ಈ ವಾದನವನ್ನು ತೆಗೆದುಬಿಟ್ಟರೆ ಹಾಡು ಬಡವಾಗುವುದೇ? ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕುವ ತನಕ ಮೂರನೆಯದಕ್ಕೆ ಹೋಗಕೂಡದು. ವೇಗದ ಮಾರ್ಗದಲ್ಲಿ ಟೊಳ್ಳು ವೇಗವುಂಟು. ನಿಧಾನದ ಮಾರ್ಗದಲ್ಲಿ ಸೋಮಾರಿ ನಿಧಾನವುಂಟು. ಸರಳತೆಯ ಹೆಸರಿನಲ್ಲಿ ಬರಿಯ ಉದಾಸೀನವೂ ಉಂಟು. ಆಯಾ ಮಾರ್ಗದ ಒಳಗೆ ನಿಂತು ನೋಡಿದಾಗಲೇ ಇವು ಕಾಣುವುದು.

“ನನಗೆ ಇದು ಹಿಡಿಸಲಿಲ್ಲ” ಎಂಬುದು ಒಂದು ವಾಕ್ಯ. “ಇದು ಒಳ್ಳೆಯದಲ್ಲ” ಎಂಬುದು ಇನ್ನೊಂದು ವಾಕ್ಯ. ಮೊದಲನೆಯದು ನಮ್ಮ ವಿಷಯವನ್ನು ಹೇಳುತ್ತದೆ; ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಎರಡನೆಯದು ಆ ವಸ್ತುವಿನ ವಿಷಯವನ್ನು ಹೇಳುತ್ತದೆ. ಅದಕ್ಕೆ ಆಧಾರ ಬೇಕು. ಬಿಡುವಿನ ವೇಳೆಯ ಜಗಳಗಳಲ್ಲಿ ಹೆಚ್ಚಿನವು ಈ ಎರಡು ವಾಕ್ಯಗಳನ್ನು ಒಂದೆಂದು ತಿಳಿದುದರಿಂದ ಹುಟ್ಟುತ್ತವೆ. ಹಿರಿಯರು ರಾಕ್ ಸಂಗೀತವೆಲ್ಲ ಅಬ್ಬರವೆನ್ನುವುದೂ, ಕಿರಿಯರು ರಾಗದ ಆಲಾಪನೆಯೆಲ್ಲ ತೂಕಡಿಕೆಯೆನ್ನುವುದೂ ಇದೇ ತಪ್ಪಿನ ಎರಡು ಮುಖಗಳು.

ಮುಂಬಯಿಯ ನಂಟು

ಕಿವಿ ತೆರೆದರೆ ವಾದಕನಿಗೂ ಲಾಭವೆಂಬುದಕ್ಕೆ ಸಾಕ್ಷಿ ನಮ್ಮ ಈ ಮುಂಬಯಿಯಲ್ಲೇ ಇದೆ. ಬೀಟಲ್ಸ್ ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ (೧೯೪೩–೨೦೦೧) ಲೋಕಪ್ರಸಿದ್ಧನಾದ ಮೇಲೆ, ೧೯೬೬ರಲ್ಲಿ, ಪಂಡಿತ ರವಿಶಂಕರರ ಬಳಿ ಸಿತಾರ್ ಕಲಿಯಲು ಈ ನಗರಕ್ಕೆ ಬಂದನು. ೧೯೬೮ರ ಜನವರಿಯಲ್ಲಿ ಇಲ್ಲಿಯ ಎಚ್.ಎಂ.ವಿ. ಧ್ವನಿಮುದ್ರಣಾಲಯದಲ್ಲಿ ಭಾರತೀಯ ಕಲಾವಿದರೊಡನೆ ‘ವಂಡರ್‌ವಾಲ್’ ಎಂಬ ಚಿತ್ರಕ್ಕಾಗಿ ಸಂಗೀತವನ್ನು ಮುದ್ರಿಸಿದನು. ಆತನು ದೊಡ್ಡ ಸಿತಾರ್ ವಾದಕನಾಗಲಿಲ್ಲ. ಮರಳಿ ಗಿಟಾರಿಗೇ ಹೋದನು. ಆದರೆ ೧೯೭೦ರ ‘ಮೈ ಸ್ವೀಟ್ ಲಾರ್ಡ್’ ಹಾಡಿನಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಆತನ ಗಿಟಾರನ್ನು ಕೇಳಿದರೆ, ಸಿತಾರಿನ ಮುಂದೆ ಕುಳಿತ ದಿನಗಳು ವ್ಯರ್ಥವಾಗಲಿಲ್ಲವೆಂದು ನನಗೆ ತೋರುತ್ತದೆ.

ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್ ೧೯೭೦ರ ದಶಕದಲ್ಲಿ ಪಿಟೀಲು ವಾದಕ ಎಲ್. ಶಂಕರ್ ಮತ್ತು ಮುಂಬಯಿಯವರೇ ಆದ ಉಸ್ತಾದ್ ಜಾಕಿರ್ ಹುಸೇನರೊಡನೆ ‘ಶಕ್ತಿ’ ತಂಡವನ್ನು ಕಟ್ಟಿದನು. ವೀಣೆಯಂತೆ ತಂತಿಯನ್ನು ಆಳವಾಗಿ ಎಳೆಯಲೆಂದು ಗಿಟಾರಿನ ಮೆಟ್ಟುಗಳ ನಡುವಣ ಮರವನ್ನು ಕೊರೆಯಿಸಿಕೊಂಡನು. ೨೦೨೪ರಲ್ಲಿ ಆ ತಂಡಕ್ಕೆ ಗ್ರ್ಯಾಮಿ ಪ್ರಶಸ್ತಿಯು ಬಂದಿತು. ನಮ್ಮ ಕಡೆಯಿಂದಲೂ ಇಂಥ ಔದಾರ್ಯಕ್ಕೆ ಕೊರತೆಯಿಲ್ಲ. ಪಶ್ಚಿಮದ ಸ್ಯಾಕ್ಸೊಫೋನಿನಲ್ಲಿ ಕರ್ಣಾಟಕ ಸಂಗೀತದ ಗಮಕಗಳನ್ನು ನುಡಿಸಿದ ಕದ್ರಿ ಗೋಪಾಲನಾಥರು ದಕ್ಷಿಣ ಕನ್ನಡದವರೇ ಅಲ್ಲವೇ?

ನಮ್ಮ ತರಗತಿಯ ಪಾಠ

ಕೊನೆಗೆ ಮನೆಯ ಮಾತಿಗೆ ಬರೋಣ. ನಮ್ಮ ತರಗತಿಯಲ್ಲಿ ವಿಜಯಪುರ, ಕಲಬುರಗಿ ಕಡೆಯವರಿದ್ದೀರಿ. ಉಡುಪಿ, ಮಂಗಳೂರು ಕಡೆಯವರಿದ್ದೀರಿ. ಮೈಸೂರು ಸೀಮೆಯವರೂ ಇದ್ದೀರಿ. ಒಬ್ಬನು “ಹೆಂಗದೀರಿ?” ಎಂದರೆ ಇನ್ನೊಬ್ಬನು ನಗುತ್ತಾನೆ, ಆ ಇನ್ನೊಬ್ಬನು “ಹೇಗಿದ್ದೀರಿ ಮಾರಾಯ್ರೆ?” ಎಂದರೆ ಮೊದಲಿನವನು ನಗುತ್ತಾನೆ. ನಮ್ಮ ಶಾಲೆಯ ಗೇಟಿನ ಹೊರಗೆ ಈ ದೊಡ್ಡ ನಗರದಲ್ಲಿ, ಕನ್ನಡವನ್ನೇ ಕೇಳಿ ನಗುವವರೂ ನಿಮಗೆ ಸಿಕ್ಕಿದ್ದಾರೆ. ತನ್ನದಲ್ಲದ ಅಳತೆಗೋಲಿನಿಂದ ಅಳೆಯಿಸಿಕೊಂಡಾಗ ಎಷ್ಟು ನೋವಾಗುತ್ತದೆಂಬುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಆ ನೋವನ್ನು ಬಲ್ಲವರು ಇತರರನ್ನು ಅಳೆಯುವಾಗ ಸ್ವಲ್ಪ ತಡೆಯಬೇಕು. ಗಿಟಾರಿನ ವಿಷಯದಲ್ಲಿ ಈ ತಾಳ್ಮೆಯನ್ನು ಕಲಿತರೆ ಯಾರಿಗೂ ನಷ್ಟವಿಲ್ಲ. ಮನುಷ್ಯರ ವಿಷಯದಲ್ಲಿ ಅದು ಒದಗಿಬಂದರೆ ಲಾಭವು ಎಣಿಸಲಾರದಷ್ಟು.

ಅಭ್ಯಾಸ

೧. ನಿಮಗೆ ಹಿಡಿಸದ ಒಬ್ಬ ವಾದಕನ ಒಂದು ಹಾಡನ್ನು ಆರಿಸಿಕೊಂಡು ಮೂರು ಸಲ ಕೇಳಿರಿ. ಮೊದಲ ಸಲ ಇಡೀ ಹಾಡನ್ನು, ಎರಡನೆಯ ಸಲ ಗಿಟಾರನ್ನು ಮಾತ್ರ, ಮೂರನೆಯ ಸಲ ಗಿಟಾರು ಸುಮ್ಮನಿರುವ ಎಡೆಗಳನ್ನು ಗಮನಿಸಿರಿ.

೨. ಆತನು ಏನನ್ನು ಮಾಡಹೊರಟಿದ್ದಾನೆಂಬುದನ್ನು ಐದು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆಯಿರಿ. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಮಾತುಗಳನ್ನು ಬಳಸಕೂಡದು.

೩. ಬಿ. ಬಿ. ಕಿಂಗ್ ಮತ್ತು ಎಡಿ ವ್ಯಾನ್ ಹೇಲನ್ ಇವರಿಬ್ಬರ ಮಾರ್ಗಗಳ ವ್ಯತ್ಯಾಸವನ್ನು, ಒಬ್ಬನನ್ನು ಮೇಲೆ ಇನ್ನೊಬ್ಬನನ್ನು ಕೆಳಗೆ ಇಡದೆ, ವಿವರಿಸಿರಿ.

೪. ನಿಮ್ಮ ಬೆಂಚಿನಲ್ಲಿ ಪಕ್ಕಕ್ಕೆ ಕುಳಿತವರ ಮನೆಯ ಕನ್ನಡದಿಂದ, ನಿಮಗೆ ತಿಳಿಯದ ಹತ್ತು ಮಾತುಗಳನ್ನು ಕೇಳಿ ಬರೆದುಕೊಳ್ಳಿರಿ.